ಐವತ್ತೆರಡರಲ್ಲಿ ಎರಡು

ನನ್ನ ಬೆನ್ನು ಹೋದದ್ದು ಒಂದು ಹಲಸಿನಕಾಯಿಯಿಂದ. ಹೇಳಲು ನಾಚಿಕೆಯಾಗುತ್ತದೆ. ಆದರೆ ಒಂದು ಬಸ್ಸು ತುಂಬ ಜನ ಕಣ್ಣಾರೆ ಕಂಡದ್ದನ್ನು ಮುಚ್ಚಿಡುವುದಾದರೂ ಹೇಗೆ?

ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಸುಳ್ಯದಿಂದ ಹೊರಟು ಬೆಳ್ಳಾರೆಯಾಗಿ ಪುತ್ತೂರು, ಅಲ್ಲಿಂದ ಕಾಣಿಯೂರಾಗಿ ಕಡಬ, ಸಂಜೆ ಅದೇ ದಾರಿಯಲ್ಲಿ ವಾಪಸು. ಇಪ್ಪತ್ತನಾಲ್ಕು ವರ್ಷದಿಂದ ಇದೇ ಕೆಲಸ, ಅದರಲ್ಲಿ ಹದಿನೇಳು ವರ್ಷ ಒಬ್ಬನೇ ಡ್ರೈವರಿನ ಜೊತೆ. ಅವನ ಹೆಸರು ಮೊಯ್ದು. ದಿನಕ್ಕೆ ಹತ್ತು ಗಂಟೆ ಒಟ್ಟಿಗಿದ್ದರೂ ನಮ್ಮ ನಡುವೆ ಓಡಾಡುವುದು ಎರಡೇ ಶಬ್ದ. ನಾನು 'ಹೋಲ್ಡಾನ್' ಎಂದರೆ ಅವನು ನಿಲ್ಲಿಸುತ್ತಾನೆ, 'ರೈಟ್' ಎಂದರೆ ಹೊರಡುತ್ತಾನೆ. "ನಿಮ್ಮಿಬ್ಬರದ್ದೇ ಒಳ್ಳೆ ಸಂಸಾರ. ನಮ್ಮದರಲ್ಲಿ ಮಾತು ಜಾಸ್ತಿಯಾಯ್ತು" ಎಂದು ನನ್ನ ಹೆಂಡತಿ ಕುಸುಮ ಹೇಳುವುದುಂಟು.

ಕಳೆದ ವರ್ಷದ ಮೇ ತಿಂಗಳು. ಕಾಣಿಯೂರಿನಲ್ಲಿ ಹತ್ತಿದ ಅಜ್ಜಿಯೊಬ್ಬರು ಮಗಳ ಮನೆಗೆಂದು ಒಂದು ಹಲಸಿನಕಾಯಿ ತಂದು ಸೀಟಿನಡಿ ಇಟ್ಟಿದ್ದರು. ಮುಂದಿನ ತಿರುವಿನಲ್ಲಿ ಅದು ತನ್ನಷ್ಟಕ್ಕೆ ಪ್ರಯಾಣ ಹೊರಟಿತು. ಉರುಳಿ ಉರುಳಿ ಎದುರಿನ ಬಾಗಿಲಿನ ಕಡೆ ಬರುತ್ತಿದ್ದ ಅದನ್ನು ಹಿಡಿಯಲು ನಾನು ಬಗ್ಗಿದೆ. ಹಿಡಿದೆ ಕೂಡ. ಎದ್ದೇಳಲು ಹೋದಾಗ ಸೊಂಟದಲ್ಲಿ ಯಾರೋ ಒಣ ಕೋಲು ಮುರಿದ ಹಾಗಾಯಿತು. ಎಡಗಾಲಿನ ಹಿಂಬದಿಯಲ್ಲಿ ಬಿಸಿನೀರು ಇಳಿದ ಹಾಗೆ ಒಂದು ಉರಿ ಪಾದದವರೆಗೂ ಹೋಯಿತು. ನನ್ನ ಬಾಯಿಯಿಂದ ಬಂದದ್ದು ಅಮ್ಮಾ ಅಲ್ಲ, ಅಯ್ಯೋ ಅಲ್ಲ.

"ಹೋಲ್ಡಾನ್!"

ಮೊಯ್ದು ಅಲ್ಲಿಯೇ, ರಸ್ತೆಯ ನಡುವೆ, ನಿಲ್ಲಿಸಿದ. ನಾನು ಹಲಸಿನಕಾಯಿಯ ಮೇಲೆ ಎರಡೂ ಕೈ ಊರಿ ಬಗ್ಗಿದವನು ಬಗ್ಗಿಯೇ ಇದ್ದೆ. ಹಿಂದಿನವರಿಗೆ ಎಂತ ಆಯಿತೆಂದು ಗೊತ್ತಿಲ್ಲ. ಎದುರಿನವರಿಗೆ ನಾನು ನಮಸ್ಕಾರ ಮಾಡುತ್ತಿರುವಂತೆ ಕಂಡಿರಬೇಕು.

"ಪಾಪ, ನನ್ನ ಹಲಸಿಗೆ ಅಡ್ಡ ಬಿದ್ದದ್ದಾ?" ಎಂದು ಅಜ್ಜಿ ಕೇಳಿದರು.

ನಾಲ್ಕು ಜನ ಸೇರಿ ನನ್ನನ್ನು ಅದೇ ಭಂಗಿಯಲ್ಲಿ ಎತ್ತಿ ಉದ್ದ ಸೀಟಿನಲ್ಲಿ ಮಲಗಿಸಿದರು. ಆ ದಿನ ಕಡಬಕ್ಕೆ ಮುಟ್ಟುವವರೆಗೆ ಟಿಕೆಟ್ ಕೊಟ್ಟವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

*

ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರನ್ನು ಕಾಣಲು ಮೂರು ಗಂಟೆ ಕಾದೆ. ಬೆನ್ನುನೋವಿನವರಿಗೆ ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟವರು ಯಾರೋ, ಅವರಿಗೆ ಬೆನ್ನು ಇರಲಿಕ್ಕಿಲ್ಲ. ಅರ್ಧ ಜನ ನಿಂತುಕೊಂಡೇ ಇದ್ದೆವು. ಎಲ್ಲರ ಕಂಕುಳಲ್ಲೂ ಒಂದೊಂದು ದೊಡ್ಡ ಸ್ಕ್ಯಾನಿಂಗ್ ಕವರು. ನನ್ನ ಪಕ್ಕದಲ್ಲಿ ನಿಂತಿದ್ದವರೊಬ್ಬರು ನನ್ನ ಕವರಿನ ಕಡೆ ನೋಡಿ, "ನಿಮ್ಮದು ಎಷ್ಟನೇ ಮಣಿ? ಎಲ್ ಫೋರಾ, ಎಲ್ ಫೈವಾ?" ಎಂದು ಕೇಳಿದರು, ಯಾವ ಊರಾಯಿತು ಎಂದು ಕೇಳುವ ಹಾಗೆ. ನನಗೆ ಗೊತ್ತಿಲ್ಲ ಎಂದೆ. ಊರು ಗೊತ್ತಿಲ್ಲದವನನ್ನು ನೋಡುವ ಹಾಗೆ ನೋಡಿ ಆಚೆ ತಿರುಗಿದರು.

ಡಾಕ್ಟರು ಹಿರಿಯರು, ಸಾವಧಾನದವರು. ಚಿತ್ರವನ್ನು ಬೆಳಕಿಗೆ ಹಿಡಿದು ಏನೇನೋ ವಿವರಿಸಿದರು. ಕಾಲು ಎತ್ತಿಸಿ, ಬೆರಳು ಮಡಚಿಸಿ, ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿ ನೋಡಿದರು. ಅವರ ತಪ್ಪು ಒಂದೂ ಇಲ್ಲ. ಆದರೆ 'ಡಿಸ್ಕ್' ಎಂಬ ಶಬ್ದ ಬಿದ್ದ ಕೂಡಲೇ ನನ್ನ ಕಿವಿ ಬಾಗಿಲು ಹಾಕಿಕೊಂಡಿತ್ತು. ಡಾಕ್ಟರ ಬಾಯಿ ಆಡುತ್ತಿತ್ತು, ನಾನು ತಲೆ ಆಡಿಸುತ್ತಿದ್ದೆ. ಆಗ ನನ್ನ ತಲೆಯೊಳಗೆ ನಾನು ಗಾಲಿಕುರ್ಚಿಯಲ್ಲಿ ಕುಳಿತು ಕಡಬ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದೆ, ಮೊಯ್ದು ನಿಲ್ಲಿಸದೆ ಹೋಗುತ್ತಿದ್ದ.

ಹೊರಗೆ ಬಂದ ಮೇಲೆ ಚೀಟಿ ಓದಿದೆ. ಮಾತ್ರೆಗಳ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಬಗ್ಗಬಾರದು, ಭಾರ ಎತ್ತಬಾರದು ಎಂದು ಅರ್ಥ. ಅದರ ಮುಂದೆ ಸ್ವಲ್ಪ ದೊಡ್ಡದಾಗಿ: ೨/೫೨.

ಕುಸುಮ ಕೇಳಿದಳು, "ಇದೆಂತ ಎರಡು, ಐವತ್ತೆರಡು?"

ನಾನು ಹೆಚ್ಚು ಓದಿದವನಲ್ಲದಿದ್ದರೂ ಬಸ್ಸಿನವನು. ನಮ್ಮ ಬಸ್ಸಿನಲ್ಲಿ ಐವತ್ತೆರಡು ಸೀಟು. ಒಂದು ಸಂಖ್ಯೆಯ ಕೆಳಗೆ ಐವತ್ತೆರಡು ಕಂಡರೆ ನನಗೆ ಬೇರೆ ಅರ್ಥವೇ ಹೊಳೆಯುವುದಿಲ್ಲ. "ಬೆನ್ನಿನಲ್ಲಿ ಐವತ್ತೆರಡು ಮಣಿ ಇರುದು. ಅದರಲ್ಲಿ ಎರಡು ಹೋಗಿದೆ" ಎಂದೆ.

"ಎರಡೇ ಅಲ್ವಾ?" ಎಂದಳು ಅವಳು ಸಮಾಧಾನಕ್ಕೆ.

"ಚಕ್ರ ಎರಡೇ ಹೋದ್ರೂ ಬಸ್ಸು ಹೋಗ್ತದಾ?"

ಆ ಮೇಲೆ ಎಲ್ಲರಿಗೂ ಇದನ್ನೇ ಹೇಳಿದೆ. ನೋಡಲು ಬಂದ ನೆಂಟರಿಗೆ, ಬೆಳ್ಳಾರೆ ಪೇಟೆಯ ಅಂಗಡಿಯವರಿಗೆ, ಫೋನು ಮಾಡಿದ ಖಾಯಂ ಪ್ರಯಾಣಿಕರಿಗೆ: ಐವತ್ತೆರಡರಲ್ಲಿ ಎರಡು ಹೋಗಿದೆ. ಕೇಳಿದವರೆಲ್ಲ ನಾಲಿಗೆ ಲೊಚಗುಟ್ಟಿದರು. ಒಬ್ಬರಾದರೂ, ಮಾರಾಯ, ಬೆನ್ನಿನಲ್ಲಿ ಅಷ್ಟು ಮಣಿ ಎಲ್ಲಿ ಉಂಟು ಎಂದು ಕೇಳಬೇಕಲ್ಲ? ಕೇಳಲಿಲ್ಲ. ನೋವಿನವನ ಲೆಕ್ಕವನ್ನು ಯಾರೂ ಚೆಕ್ ಮಾಡುವುದಿಲ್ಲ. ಆ ಚೀಟಿ ಹರಿದು ಹೋದೀತೆಂದು ನಾನು ಲ್ಯಾಮಿನೇಷನ್ ಮಾಡಿಸಿಟ್ಟೆ. ಪುನಃ ಡಾಕ್ಟರ ಬಳಿ ಹೋಗಲಿಲ್ಲ. ಹೋದರೆ ಆಪರೇಷನ್ ಎನ್ನುತ್ತಾರೆ ಎಂಬ ಹೆದರಿಕೆ. ಅವರು ಹಾಗೆ ಹೇಳಿಯೇ ಇರಲಿಲ್ಲ ಎಂಬುದು ಬೇರೆ ವಿಷಯ.

*

ಬಗ್ಗದೆ ಬದುಕುವುದು ಒಂದು ಕಲೆ. ಎಂಟು ತಿಂಗಳಲ್ಲಿ ನಾನು ಅದರಲ್ಲಿ ಪಾರಂಗತನಾದೆ. ಕಡಬ ಪುತ್ತೂರಿನಿಂದ ಬೇರೆ ತಾಲೂಕಾದ ಹಾಗೆ, ನನ್ನ ಮೊಣಕಾಲಿನಿಂದ ಕೆಳಗಿನದ್ದೆಲ್ಲ ಬೇರೆ ತಾಲೂಕಾಯಿತು. ನೆಲಕ್ಕೆ ಬಿದ್ದ ಪೆನ್ನು, ಪೇಪರು, ಟವೆಲು ಯಾವುದೂ ನನ್ನ ವ್ಯಾಪ್ತಿಗೆ ಬರುತ್ತಿರಲಿಲ್ಲ. ತುಂಬಿದ ಕೊಡ ಹೊತ್ತವಳ ಹಾಗೆ ಹೆಜ್ಜೆ ಇಡುತ್ತಿದ್ದೆ. ಸೀನು ಬಂದರೆ ಮೊದಲು ಗೋಡೆ ಹಿಡಿಯುತ್ತಿದ್ದೆ.

ಬೆಳಿಗ್ಗೆ ಎದ್ದ ಕೂಡಲೇ ಕಾಲ್ಬೆರಳುಗಳ ಹಾಜರಿ. ಬಲಗಾಲಿನ ಐದು, ಎಡಗಾಲಿನ ಐದು, ಎಲ್ಲ ಆಡುತ್ತಿವೆಯೇ? ನರ ಸತ್ತವರ ಕಾಲಿನಿಂದ ಚಪ್ಪಲಿ ಜಾರಿದರೂ ಗೊತ್ತಾಗುವುದಿಲ್ಲ ಎಂದು ಯಾರೋ ಹೇಳಿದ್ದರು. ಒಂದು ದಿನ ಅಂಗಳದಲ್ಲಿ ನನ್ನ ಎಡ ಚಪ್ಪಲಿ ಹಿಂದೆ ಉಳಿಯಿತು. ನಾನು ಅಲ್ಲಿಯೇ ಜಗಲಿ ಹಿಡಿದು ನಿಂತು ಕುಸುಮಳನ್ನು ಕರೆದು, ಇನ್ನು ಮುಂದಿನದ್ದಕ್ಕೆ ನಾವು ತಯಾರಾಗಬೇಕು ಎಂದೆ. ಅವಳು ಚಪ್ಪಲಿ ಎತ್ತಿ ನೋಡಿದಳು. "ಬಾರು ಹರಿದಿದೆ" ಎಂದು ಒಳಗೆ ಹೋದಳು.

ಇಲ್ಲಿ ಕುಸುಮಳ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ನಮ್ಮ ಕಡೆ ಹಾಗೆ ಹುಟ್ಟಿದವರ ಪಾದಕ್ಕೆ ಬೇಡಿಕೆ ಉಂಟು. ಸೊಂಟ ಉಳುಕಿದವರ ಬೆನ್ನಿಗೆ ಅವರು ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆ ಎಂದು ನಂಬಿಕೆ. ಅವಳು ಮದುವೆಯಾಗಿ ಬಂದಂದಿನಿಂದ ಅಕ್ಕಪಕ್ಕದ ಎಷ್ಟೋ ಬೆನ್ನುಗಳು ನಮ್ಮ ಅಂಗಳಕ್ಕೆ ಬಂದು ಒದೆಸಿಕೊಂಡು ಹೋಗಿವೆ. ನನ್ನ ಬೆನ್ನಿಗೆ ಮಾತ್ರ ಆ ಭಾಗ್ಯವಿಲ್ಲ. ಗಂಡನಿಗೆ ಕಾಲು ತಾಗಿಸುವುದು ಮಹಾಪಾಪ ಎಂದು ನನ್ನ ಅಮ್ಮ.

ಅಮ್ಮನಿಗೆ ಎಪ್ಪತ್ತೆಂಟು. ನಾನು ನರಳುವುದನ್ನು ಎರಡು ತಿಂಗಳು ನೋಡಿದ ಮೇಲೆ ಒಂದು ಸಂಜೆ ಜಗಲಿಯಿಂದ ಎದ್ದರು. "ನಾನು ಒಳಗೆ ಹೋಗ್ತೇನೆ. ಎಂತ ಆಗ್ತದೆ ಅಂತ ನಾನು ನೋಡುದಿಲ್ಲ. ನೋಡದ್ದು ನನಗೆ ಪಾಪ ಅಲ್ಲ" ಎಂದು ಬಾಗಿಲು ಎಳೆದುಕೊಂಡರು.

ಕುಸುಮ ನನ್ನನ್ನು ಗೋಡೆಗೆ ಕೈ ಊರಿಸಿ ನಿಲ್ಲಿಸಿದಳು. ಊರವರಿಗೆ ಧೈರ್ಯದಿಂದ ಒದೆಯುವವಳು ನನಗೆ ಒದೆಯುವಾಗ ಕೋಳಿಮರಿಯ ಮೇಲೆ ಕಾಲಿಡುವಂತೆ ಇಟ್ಟಳು. ಅಂಗಾಲು ಬೆಚ್ಚಗಿತ್ತು. ಮೂರು ಸಲ ತಾಗಿತು. ನನಗೆ ಯಾಕೋ ಕಣ್ಣು ತುಂಬಿತು. ಆ ಸಂಜೆ ನಾನು ಕುಳಿತು ಊಟ ಮಾಡಿದೆ. ಮಾರನೆಯ ಬೆಳಿಗ್ಗೆ ನೋವು ತನ್ನ ಸೀಟಿಗೆ ವಾಪಸು ಬಂದು ಕುಳಿತಿತ್ತು.

ಮೊಯ್ದು ಎರಡು ವಾರಕ್ಕೊಮ್ಮೆ ಬರುತ್ತಿದ್ದ. ಬಂದು ಕುಳಿತು ಹೊಸ ಕಂಡಕ್ಟರನ್ನು ಬಯ್ಯುತ್ತಿದ್ದ. "ಅವ ಬಾಯಿ ತೆರೆಯುದಿಲ್ಲ ಪದ್ಮಣ್ಣ. ವಿಸಿಲ್ ಊದುದು. ನಾನೆಂತ ಆಟದ ಮೈದಾನದಲ್ಲಿದ್ದೇನಾ?"

ಜನವರಿಯಲ್ಲಿ ಬಂದಾಗ ಬಯ್ಯಲಿಲ್ಲ. ಚಾ ಲೋಟ ಕೆಳಗಿಟ್ಟು ಅಂಗಳ ನೋಡುತ್ತ ಹೇಳಿದ: "ಬಸ್ಸಿನ ಯಜಮಾನರು ಕೇಳಿದ್ರು. ಶಾಲೆ ಸುರುವಾಗುವ ಮೊದಲು ಒಂದು ಹೇಳ್ಬೇಕಂತೆ. ಬರುದಾದ್ರೆ ನಿನ್ನ ಜಾಗ ಉಂಟು. ಆಗದಿದ್ರೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಬರೆಯುವ ಕೆಲಸ. ಕುಳಿತು ಮಾಡುದು."

ಕೆಟ್ಟ ಕೆಲಸವಲ್ಲ ಅದು. ಬೆಂಚಿನಲ್ಲಿ ಕುಳಿತು ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆಯುವುದು. ಯೋಚಿಸಿದೆ. ದಿನಾ ಬೆಳಿಗ್ಗೆ ಮೊಯ್ದುವಿನ ಬಸ್ಸು ಬರುತ್ತದೆ, ನಾನು ಬರೆಯುತ್ತೇನೆ. ಬೇರೆಯವನು ವಿಸಿಲ್ ಊದುತ್ತಾನೆ, ಅದು ಹೋಗುತ್ತದೆ, ಅದನ್ನೂ ಬರೆಯುತ್ತೇನೆ.

ಮೊಯ್ದು ಏಳುವ ಮೊದಲು ತನ್ನ ತಾಯಿಯ ಮಾತು ತೆಗೆದ: "ನನ್ನ ಉಮ್ಮನ ಭುಜ ಎತ್ಲಿಕ್ಕೆ ಆಗ್ತಿರ್ಲಿಲ್ಲ ಅಲ್ವಾ? ಪುತ್ತೂರಿನಲ್ಲಿ ಒಂದು ಫಿಸಿಯೋ ಮೇಡಂ ಇದ್ದಾರೆ. ಈಗ ಉಮ್ಮ ಆ ಕೈ ಎತ್ತಿಯೇ ನನಗೆ ಬಯ್ಯುದು. ಒಮ್ಮೆ ಹೋಗು ಮಾರಾಯ."

*

ಫಿಸಿಯೋ ಮೇಡಮ್ಮಿನ ಕೋಣೆ ಒಂದು ಬಳೆ ಅಂಗಡಿಯ ಮೇಲಿತ್ತು. ಹದಿನೆಂಟು ಮೆಟ್ಟಿಲು. ಬೆನ್ನು ಕೆಟ್ಟವರನ್ನು ಮಹಡಿಗೆ ಹತ್ತಿಸುವುದು ಎಂಥ ನ್ಯಾಯ ಎಂದು ಒಂದೊಂದು ಮೆಟ್ಟಿಲಿಗೂ ಗೊಣಗುತ್ತ ಹತ್ತಿದೆ.

ಕಾಯುವ ಬೆಂಚಿನಲ್ಲಿ ಐತಪ್ಪಣ್ಣ ಎಂಬವರು ಕುಳಿತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್. ಪಾರ್ಶ್ವವಾಯು ಬಡಿದು ಬಲಗೈ ಹೋಗಿತ್ತು. ಅವರ ಮುಂದೆ ಎರಡು ಬಟ್ಟಲು. ಒಂದರಲ್ಲಿದ್ದ ಹುಣಸೆಬೀಜಗಳನ್ನು ಒಂದೊಂದಾಗಿ ಹೆಕ್ಕಿ ಇನ್ನೊಂದಕ್ಕೆ ಹಾಕುತ್ತಿದ್ದರು. ಬೀಜ ಜಾರುತ್ತಿತ್ತು, ಪುನಃ ಹೆಕ್ಕುತ್ತಿದ್ದರು. ನಾನು ನೋಡುವುದನ್ನು ಕಂಡು ಹೇಳಿದರು: "ಕೈ ನನ್ನದೇ. ಪರಿಚಯ ತಪ್ಪಿತ್ತು. ಈಗ ಹೊಸದಾಗಿ ಮಾಡ್ಕೊಳ್ಳುದು."

ಎಂಟು ತಿಂಗಳಲ್ಲಿ ನಾನು ಕೇಳಿದ ಮೊದಲ ಸರಿಯಾದ ಮಾತು ಅದು. ಆದರೆ ಆಗ ಅದು ನನಗೂ ಸಲ್ಲುತ್ತದೆ ಎಂದು ಅನಿಸಲಿಲ್ಲ.

ಮೇಡಮ್ಮಿಗೆ ಮೂವತ್ತರ ಆಸುಪಾಸು. ಹೆಸರು ದಿವ್ಯಾ. ನಾನು ಕತೆಯನ್ನೆಲ್ಲ ಹೇಳಿ, ಕೊನೆಗೆ ಸಾಕ್ಷಿಯಾಗಿ ಲ್ಯಾಮಿನೇಷನ್ ಮಾಡಿದ ಚೀಟಿಯನ್ನು ಮೇಜಿನ ಮೇಲಿಟ್ಟೆ. "ಐವತ್ತೆರಡರಲ್ಲಿ ಎರಡು ಹೋಗಿದೆ ಮೇಡಂ."

ಅವರು ಚೀಟಿ ನೋಡಿದರು. ನನ್ನನ್ನು ನೋಡಿದರು. ಪುನಃ ಚೀಟಿ ನೋಡಿದರು.

"ಎಂತ ಐವತ್ತೆರಡು?"

"ಮಣಿ. ಬೆನ್ನಿನದ್ದು."

ನಗಬಾರದೆಂದು ಅವರು ತುಂಬ ಪ್ರಯತ್ನಪಟ್ಟರು, ಅದು ನನಗೆ ಕಂಡಿತು. "ಇದು ಹಳೇ ಡಾಕ್ಟರುಗಳು ಬರೆಯುವ ಕ್ರಮ ಅಣ್ಣ. ವರ್ಷಕ್ಕೆ ಎಷ್ಟು ವಾರ?"

"ಐವತ್ತೆರಡು."

"ಅದರಲ್ಲಿ ಎರಡು. ಎರಡು ವಾರ ಬಗ್ಗಬೇಡಿ ಅಂತ ಬರೆದದ್ದು."

ಬಾಗಿಲ ಬಳಿ ಕುಳಿತಿದ್ದ ಕುಸುಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೊರಗಿನ ಬೆಂಚಿನಲ್ಲಿ ಹುಣಸೆಬೀಜ ಬೀಳುವ ಸದ್ದು ನಿಂತಿತ್ತು. ಐತಪ್ಪಣ್ಣನೂ ಕೇಳಿಸಿಕೊಂಡಿದ್ದರು. ಎರಡು ವಾರದ ವ್ರತವನ್ನು ಎಂಟು ತಿಂಗಳು ಮಾಡಿದವನು ಇಡೀ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

"ಹಾಗಾದ್ರೆ ನನಗೆ ಎಂತದ್ದೂ ಇಲ್ವಾ? ನೋವು ಸುಳ್ಳಾ?" ಎಂದು ಕೇಳಿದೆ.

ಆಗ ಅವರು ನಗಲಿಲ್ಲ. "ನೋವು ಸತ್ಯವೇ. ಆಗ ಪೆಟ್ಟಾದದ್ದೂ ಸತ್ಯ. ಆದರೆ ಪೆಟ್ಟು ಗುಣ ಆದ ಮೇಲೂ ನೋವು ಉಳಿದಿದೆ. ಯಾಕೆ ಅಂತ ನೋಡುವ" ಎಂದು ಕಾಲಿನ ಬಲ, ಸ್ಪರ್ಶ, ನಡಿಗೆ ಎಲ್ಲ ಪರೀಕ್ಷೆ ಮಾಡಿದರು. ಹೆದರುವಂಥದ್ದು ಇಲ್ಲ ಎಂದ ಮೇಲೆ ಮಂಚದ ಮೇಲೆ ಮಗುಚಿ ಮಲಗಿಸಿದರು. ಅವರ ಕೈ ನನ್ನ ಸೊಂಟದ ಹತ್ತಿರ ಬಂತು.

"ಹೋಲ್ಡಾನ್!" ಎಂದೆ ನಾನು.

ಕೈ ನಿಂತಿತು. "ನಾನು ಇನ್ನೂ ಮುಟ್ಟಲೇ ಇಲ್ಲ ಅಲ್ವಾ?"

"ಗೊತ್ತುಂಟು. ಮುಂಚಿತವಾಗಿ ಹೇಳಿದ್ದು."

"ಅಲ್ಲಿಯೇ ಉಂಟು ನೋಡಿ ನಿಮ್ಮ ಕಾಯಿಲೆ" ಎಂದರು ಅವರು. "ಒಬ್ಬ ಕಂಡಕ್ಟರ್ ಇದ್ದಾನೆ ಅಂತ ಇಟ್ಕೊಳ್ಳಿ. ಒಂದು ದಿವಸ ಆಕ್ಸಿಡೆಂಟ್ ಕಂಡ. ಆ ಮೇಲೆ ನಾಯಿ ಅಡ್ಡ ಬಂದ್ರೂ ಹೋಲ್ಡಾನ್, ಎಲೆ ಬಿದ್ರೂ ಹೋಲ್ಡಾನ್. ಗಾಡಿ ಸರಿ ಉಂಟು, ರಸ್ತೆ ಸರಿ ಉಂಟು, ಇವ ಮಾತ್ರ ರೈಟ್ ಹೇಳುದೇ ಇಲ್ಲ. ನಿಮ್ಮ ನರಗಳು ಈಗ ಹಾಗೆ ಆಗಿವೆ. ಅಂಥವನನ್ನು ನಿಮ್ಮಲ್ಲಿ ಎಂತ ಮಾಡ್ತಾರೆ?"

"ಕೆಲಸದಿಂದ ತೆಗೀತಾರೆ."

"ಇವನನ್ನು ತೆಗೀಲಿಕ್ಕೆ ಆಗುದಿಲ್ಲ. ಕಲಿಸ್ಬೇಕು. ಜೊತೆಯಲ್ಲಿ ನಿಂತು, ಸಣ್ಣ ಸಣ್ಣ ಟ್ರಿಪ್ ಮಾಡಿಸಿ."

ಅವರ ಕೈ ಬೆಚ್ಚಗಿತ್ತು. ಒತ್ತಿದ್ದಕ್ಕಿಂತ ಇಟ್ಟದ್ದೇ ಹೆಚ್ಚು. ಎಂಟು ತಿಂಗಳಿನಿಂದ ಮುಷ್ಟಿ ಕಟ್ಟಿಕೊಂಡಿದ್ದ ಬೆನ್ನು ಒಂದೊಂದೇ ಬೆರಳು ಬಿಚ್ಚಿದ ಹಾಗೆ ಬಿಚ್ಚಿತು. ಇದುವರೆಗೆ ಯಾವುದರಿಂದಲಾದರೂ ಆರಾಮ ಆಗಿತ್ತೇ ಎಂದು ಕೇಳಿದರು. ನಾನು ಕುಸುಮಳನ್ನು ನೋಡಿದೆ. ಅವಳು ಗೋಡೆ ನೋಡಿದಳು. ಬೇರೆ ದಾರಿ ಇಲ್ಲದೆ ಕಾಲಿನ ಕತೆ ಹೇಳಿದೆ. ಮೂಢನಂಬಿಕೆ ಎಂದು ಒಂದು ಭಾಷಣ ಬರುತ್ತದೆಂದು ಕಾದೆ.

"ಎಷ್ಟು ಹೊತ್ತು ಇತ್ತು ಆರಾಮ?"

"ಒಂದು ಸಂಜೆ."

"ನನ್ನ ಕೈಯದ್ದೂ ಹೆಚ್ಚುಕಮ್ಮಿ ಅಷ್ಟೇ ಅಣ್ಣ. ಒಂದು ದಿವಸ, ಹೆಚ್ಚಂದ್ರೆ ಎರಡು. ಕೈ ಮಣಿಯನ್ನು ಜಾಗಕ್ಕೆ ಕೂರಿಸುದಲ್ಲ. ಹೆದರಬೇಡ ಅಂತ ಒಳಗೆ ಸಮಾಚಾರ ಮುಟ್ಟಿಸುದು. ಬಾಗಿಲು ಸ್ವಲ್ಪ ಹೊತ್ತು ತೆರೀತದೆ. ಆ ಹೊತ್ತಿನಲ್ಲಿ ನೀವು ಬಗ್ಗಿ, ಎದ್ದು, ತಿರುಗಿ ಮಾಡ್ಬೇಕು. ಮಾಡದಿದ್ರೆ ಪುನಃ ಹಾಕ್ಕೊಳ್ತದೆ. ಆ ಸಂಜೆ ನೀವೆಂತ ಮಾಡಿದ್ರಿ?"

"ಊಟ ಮಾಡಿ ಮಲಗಿದೆ."

"ಅದೇ!"

ಹೊರಡುವಾಗ ಕುಸುಮಳಿಗೂ ಮನೆಗೆಲಸ ಕೊಟ್ಟರು. ದಿನಾ ನಾನು ಬಗ್ಗುವ ಅಭ್ಯಾಸ ಮಾಡುವ ಮೊದಲು ಐದು ನಿಮಿಷ ಸೊಂಟದ ಮೇಲೆ ಕೈ ಇಡಬೇಕು. "ಕಾಲಾದರೂ ಅಡ್ಡಿಯಿಲ್ಲ" ಎಂದರು. ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಯೋಚಿಸಿ, "ಚೀಟಿಯಲ್ಲಿ ಬರೆದು ಕೊಟ್ಟಿದ್ದಾರಾ?" ಎಂದು ಕೇಳಿದರು. ಇನ್ನೊಂದು ಚೀಟಿಯ ಸಹವಾಸ ಬೇಡ ಎಂದೆ.

*

ಬಗ್ಗುವುದನ್ನು ಐವತ್ತಮೂರನೆಯ ವಯಸ್ಸಿನಲ್ಲಿ ಹೊಸದಾಗಿ ಕಲಿತೆ. ಮೊದಲ ವಾರ ಮೇಜಿನ ಮೇಲಿನ ಲೋಟ. ಆ ಮೇಲೆ ಕುರ್ಚಿಯ ಮೇಲಿನ ಲೋಟ. ಆ ಮೇಲೆ ಮಣೆಯ ಮೇಲಿನದ್ದು. ಪ್ರತಿ ಸಲವೂ ಒಳಗಿನ ಕಂಡಕ್ಟರ್ ಕೂಗುತ್ತಿದ್ದ. ಉಸಿರು ಬಿಟ್ಟು, ಎರಡು ಕ್ಷಣ ನಿಂತು, ಪುನಃ ಸ್ವಲ್ಪ ಬಗ್ಗಬೇಕು. ಅವನನ್ನು ಬಯ್ಯಬಾರದು ಎಂದು ಮೇಡಮ್ಮಿನ ಕಟ್ಟಪ್ಪಣೆ. ನನಗೆ ಬಯ್ಯಲು ಮನಸ್ಸೂ ಬರುತ್ತಿರಲಿಲ್ಲ. ಎಲ್ಲದಕ್ಕೂ ಮೊದಲೇ ಹೆದರುವವನು, ಕೆಟ್ಟದ್ದನ್ನೇ ಎಣಿಸುವವನು, ಯಾರಿಗೂ ಅಪಾಯವಾಗದಿರಲಿ ಎಂದು ಊರೆಲ್ಲ ನಿಲ್ಲಿಸುವವನು. ಅವನ ಗುರುತು ನನಗೆ ಚೆನ್ನಾಗಿ ಇತ್ತು.

ಮಾರ್ಚಿನಲ್ಲಿ ನೆಲದ ಮೇಲಿನ ಮಂಗಳೂರು ಸೌತೆಕಾಯಿಯವರೆಗೆ ಬಂದಿದ್ದೆ. ಆ ಧೈರ್ಯದಲ್ಲಿ ಯಾರೂ ಹೇಳದೆ ಬಾವಿಕಟ್ಟೆಯಿಂದ ಎರಡು ಕೊಡಪಾನ ನೀರು ತಂದೆ. ಮರುದಿನ ಏಳಲಾಗಲಿಲ್ಲ. ಅದೇ ಒಣ ಕೋಲು, ಅದೇ ಬಿಸಿನೀರು. ಮುಗಿಯಿತು, ಎರಡು ಇದ್ದದ್ದು ಈಗ ಮೂರಾಗಿರಬೇಕು ಎಂದುಕೊಂಡೆ. ಐವತ್ತೆರಡು ಮಣಿ ಇಲ್ಲ ಎಂದು ಗೊತ್ತಾಗಿದ್ದರೂ ಲೆಕ್ಕ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತು. ಯಜಮಾನರಿಗೆ ಬೆಂಚಿನ ಕೆಲಸಕ್ಕೆ ಒಪ್ಪಿಗೆ ಹೇಳಿಬಿಡುವುದೆಂದು ಫೋನು ಕೈಗೆ ತೆಗೆದುಕೊಂಡೆ.

ಜಗಲಿಯಲ್ಲಿ ಮಲಗಿದ್ದವನಿಗೆ ಅಂಗಳ ಕಾಣುತ್ತಿತ್ತು. ಅಮ್ಮ ಹಿಡಿಸೂಡಿಯಲ್ಲಿ ಗುಡಿಸುತ್ತಿದ್ದರು. ಸೊಂಟದಿಂದ ಮಡಚಿದ ಹಾಗೆ ಬಗ್ಗಿ, ಒಂದು ಕೈ ಬೆನ್ನಿಗೆ ಇಟ್ಟುಕೊಂಡು, ಅಂಗಳದ ಈ ಮೂಲೆಯಿಂದ ಆ ಮೂಲೆಯವರೆಗೆ. ದಿನಾ ಕಂಡದ್ದೇ. ಅಂದು ಮಾತ್ರ ನೋಡಿದೆ.

"ಅಮ್ಮಾ, ಬೆನ್ನು ನೋಯುದಿಲ್ವಾ?"

"ನೋಯ್ತದೆ."

"ಮತ್ತೆ?"

"ಮತ್ತೆಂತ ಮತ್ತೆ? ನೋಯ್ತದೆ ಅಂತ ಕಸ ತಾನಾಗಿ ಹೋಗ್ತದಾ?" ಎಂದು ಸೂಡಿಯನ್ನು ಅಂಗೈಗೆ ಕುಟ್ಟಿ ಸರಿ ಮಾಡಿಕೊಂಡು ಮುಂದೆ ಹೋದರು.

ಫೋನು ಕೆಳಗಿಟ್ಟೆ. ಅಂದರೆ ಕುಸುಮಳ ಕೈಗೆ ಕೊಟ್ಟು ಕೆಳಗಿಡಲು ಹೇಳಿದೆ. ನಾಲ್ಕು ದಿನ ಕಳೆದ ಮೇಲೆ ಪುನಃ ಹದಿನೆಂಟು ಮೆಟ್ಟಿಲು ಹತ್ತಿದೆ. "ಹತ್ತಿ ಬಂದ್ರಿ ಅಲ್ವಾ? ಹತ್ತಿ ಬರುವವರ ಬಗ್ಗೆ ನನಗೆ ಹೆದರಿಕೆ ಇಲ್ಲ" ಎಂದರು ಮೇಡಂ. ಕೋಣೆಯನ್ನು ಮಹಡಿಯಲ್ಲಿ ಮಾಡಿದ ಗುಟ್ಟು ಅದೋ, ಕೆಳಗೆ ಜಾಗ ಸಿಗದೆ ಹೋದದ್ದೋ, ಕೇಳಲಿಲ್ಲ. ಆ ದಿನ ಐತಪ್ಪಣ್ಣ ನನಗೆ ಅಂಗಿಯ ಮೇಲಿನ ಗುಂಡಿ ತೋರಿಸಿದರು. ತಾವೇ ಹಾಕಿದ್ದು. ತಪ್ಪು ತೂತಿಗೆ ಹಾಕಿದ್ದರು. ಇಬ್ಬರೂ ಅದನ್ನು ಬಹಳ ಹೊತ್ತು ಮೆಚ್ಚಿಕೊಂಡೆವು.

ಏಪ್ರಿಲ್ ಕೊನೆಗೆ ಕುಸುಮ ಜಗಲಿಯ ನಡುವೆ ಒಂದು ಹಲಸಿನಕಾಯಿ ತಂದಿಟ್ಟಳು. ಮೊದಲ ದಿನ ಸುತ್ತು ಬಂದೆ. ಎರಡನೆಯ ದಿನ ಮುಟ್ಟಿದೆ. ಮೂರನೆಯ ದಿನ ಉರುಳಿಸಿದೆ. ಐದನೆಯ ದಿನ ಎತ್ತಬೇಕೆಂದು ಹೋದಾಗ ಅಲ್ಲಿರಲಿಲ್ಲ. "ಹಣ್ಣಾಗ್ತಾ ಬಂದಿತ್ತು. ನಿನ್ನ ನರ ಕಲಿಯುವವರೆಗೆ ಅದು ಕಾಯ್ತದಾ?" ಎಂದು ಅಮ್ಮ ಅದನ್ನು ಕೊಯ್ದು ಹಂಚಿದ್ದರು. ಹೀಗೆ ಪರೀಕ್ಷೆಯ ಮೊದಲೇ ಪ್ರಶ್ನೆಪತ್ರಿಕೆಯನ್ನು ತಿಂದು ಮುಗಿಸಿದೆವು.

*

ಶಾಲೆ ಸುರುವಾಗುವುದಕ್ಕೆ ಒಂದು ವಾರ ಮೊದಲು ನಾನು ಬಸ್ಸಿಗೆ ಹೋದೆ. ಒಂದು ದಿನ ಮಾಡಿ ನೋಡುವುದು, ಆಗದಿದ್ದರೆ ಬೆಂಚು ಎಂದು ಯಜಮಾನರಿಗೆ ಹೇಳಿದ್ದೆ. ಕಿಸೆಯಲ್ಲಿ ನೋವಿನ ಮಾತ್ರೆ, ಸೊಂಟಕ್ಕೆ ಬೆಲ್ಟು, ಬ್ಯಾಗಿನಲ್ಲಿ ಇನ್ನೊಂದು ಬೆಲ್ಟು. ಕುಸುಮ ಪುತ್ತೂರಿನಲ್ಲಿ ಕೆಲಸ ಉಂಟೆಂದು ಹೇಳಿ ಹತ್ತಿದವಳು ಪುತ್ತೂರಿನಲ್ಲಿ ಇಳಿಯಲೇ ಇಲ್ಲ. ಮುಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತೇ ಇದ್ದಳು.

ಕಾಣಿಯೂರಿನಲ್ಲಿ ತುಂಬ ಜನ ಹತ್ತಿದರು. ಎಲ್ಲರಿಗೂ ನನ್ನದೇ ವಿಚಾರಣೆ. ಎರಡು ಮಣಿ ಹಾಕಿಸಿದಿರಾ, ಹೊಸತಾ, ಎಲ್ಲಿ ಮಾಡಿಸಿದ್ದು? ತಿರುವು ಬಂತು. ನಾನು ಕಂಬ ಹಿಡಿದೆ. ಸರಿಯಾಗಿ ಆಗ ಹಿಂದಿನಿಂದ ಒಂದು ಹಲಸಿನಕಾಯಿ ಬಂತು. ಯಾರದೆಂದು ತಿಳಿಯದು, ಆ ಕಾಲದಲ್ಲಿ ಆ ದಾರಿಯಲ್ಲಿ ಹಲಸಿಲ್ಲದ ಬಸ್ಸೇ ಇಲ್ಲ. ಕಾಲುಗಳ ನಡುವೆ ಉರುಳುತ್ತ ಮುಂದಿನ ಬಾಗಿಲಿನ ಕಡೆ ಹೊರಟಿತು.

"ಹೋಲ್ಡಾನ್!" ಎಂದೆ. ಮೊಯ್ದು ಬದಿಗೆ ತಂದು ನಿಲ್ಲಿಸಿದ. ಕಾಯಿ ಮೆಟ್ಟಿಲಿನ ಅಂಚಿಗೆ ಬಂದು ನಿಂತಿತು.

ಬಸ್ಸಿನಲ್ಲಿದ್ದ ಇಡೀ ಜನ ಒಂದೇ ಸ್ವರದಲ್ಲಿ: "ಪದ್ಮಣ್ಣ, ನೀವು ಬಗ್ಗಬೇಡಿ! ಬಗ್ಗಬೇಡಿ ಮಾರಾಯ್ರೆ! ಐವತ್ತೆರಡರಲ್ಲಿ ಎರಡು ಹೋದವರು!"

ಎರಡು ಮೂರು ಜನ ಎದ್ದೂ ಆಯಿತು. ನಾನು ಕೈ ಅಡ್ಡ ಹಿಡಿದೆ. "ಎರಡು ವಾರ ಅಂತ ಬರೆದದ್ದು ಅದು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಕುಸುಮ ಕಿಟಕಿಯಿಂದ ಮುಖ ತಿರುಗಿಸಿದ್ದಳು. ಎದ್ದು ಬರಲಿಲ್ಲ. ಸೀಟಿನಡಿಯಿಂದ ಅವಳ ಎಡಪಾದ ಮಾತ್ರ ಒಂದು ಗೇಣು ಮುಂದೆ ಬಂದು ನಿಂತಿತು.

ಬಗ್ಗಿದೆ. ಅರ್ಧದಲ್ಲಿ ಒಳಗಿನವನು ಕೂಗಿದ. ಉಸಿರು ಬಿಟ್ಟೆ. ನಿಂತೆ. ಗಾಡಿ ಸರಿ ಉಂಟು, ರಸ್ತೆ ಸರಿ ಉಂಟು. ಇನ್ನಷ್ಟು ಬಗ್ಗಿದೆ. ಅಂಗೈಗೆ ಮುಳ್ಳು ತಾಗಿತು, ಸಿಪ್ಪೆಯ ಅಂಟು ತಾಗಿತು. ಅದನ್ನು ಹೊಟ್ಟೆಗೆ ಒತ್ತಿಕೊಂಡು ಎದ್ದೆ. ನೋವಾಯಿತು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಅಮ್ಮನಿಗೆ ಅಂಗಳ ಗುಡಿಸುವಾಗ ಆಗುತ್ತದಲ್ಲ, ಅಂಥದ್ದು.

ಇದನ್ನು ಓದುವವರಲ್ಲಿ ಯಾರಾದರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸ್ಕ್ಯಾನಿಂಗ್ ಕವರು ಹಿಡಿದು ಕಾಯುತ್ತಿರಬಹುದು. ನಿಮ್ಮ ಬೆನ್ನು ಬೇರೆ, ನನ್ನ ಬೆನ್ನು ಬೇರೆ, ನಿಮಗೆ ಉಪದೇಶ ಮಾಡುವಷ್ಟು ನನಗೆ ಗೊತ್ತಿಲ್ಲ. ಚೀಟಿಯಲ್ಲಿ ಬರೆದದ್ದು ತಿಳಿಯದಿದ್ದರೆ ನಾಚಿಕೆ ಬಿಟ್ಟು ಅಲ್ಲಿಯೇ ಕೇಳಿ. ಇಷ್ಟು ಮಾತ್ರ ಹೇಳಬಲ್ಲೆ.

ಕಾಯಿಯನ್ನು ಬಾನೆಟ್ಟಿನ ಪಕ್ಕದಲ್ಲಿ ಭದ್ರವಾಗಿ ಇಟ್ಟೆ. ಮೊಯ್ದು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯಿತು. ಅವನು ಗೇರಿಗೆ ಕೈ ಹಾಕಲಿಲ್ಲ. ಬಸ್ಸಿಗೆ ಬಸ್ಸೇ ಕಾಯುತ್ತಿತ್ತು. ಒಂದು ವರ್ಷದ ಹಿಂದೆ ಆ ತಿರುವಿನಲ್ಲಿ ಹೇಳದೆ ಉಳಿದಿದ್ದ ಶಬ್ದ ನನ್ನ ಗಂಟಲಲ್ಲಿತ್ತು.

"ರೈಟ್" ಎಂದೆ.